ಮಂಡಿನೋವಿಗೆ ಪರದೇಶದ ದಾರಿ

2002ರ ಜನವರಿಯಲ್ಲಿ ಇಂಗ್ಲೆಂಡಿನ ಒಂಬತ್ತು ಮಂದಿ ರೋಗಿಗಳು ಕಡಲು ದಾಟಿ ಫ್ರಾನ್ಸಿನ ಲೀಲ್ ನಗರದ ಆಸ್ಪತ್ರೆಗೆ ಹೋದರು. ಕೆಲವರು ಕಣ್ಣಿನ ಪೊರೆ ತೆಗೆಸಬೇಕಿತ್ತು, ಕೆಲವರು ಕೀಲು ಬದಲಿಸಿಕೊಳ್ಳಬೇಕಿತ್ತು. ಖರ್ಚು ಸರ್ಕಾರದ್ದು. 1948ರಲ್ಲಿ ಶುರುವಾದ ಎನ್‌ಎಚ್‌ಎಸ್, ಅಂದರೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಹುಟ್ಟಿನಿಂದ ಚಟ್ಟದವರೆಗೆ ಎಲ್ಲರನ್ನೂ ಬಿಟ್ಟಿಯಾಗಿ ನೋಡಿಕೊಳ್ಳುವ ವ್ಯವಸ್ಥೆ ಎಂದು ಲೋಕದಲ್ಲೆಲ್ಲ ಹೆಸರಾಗಿತ್ತು. ಅದೇ ವ್ಯವಸ್ಥೆ ತನ್ನ ರೋಗಿಗಳನ್ನು ಪಕ್ಕದ ದೇಶಕ್ಕೆ ಸಾಗಹಾಕಿದ್ದು ಅಲ್ಲಿನ ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತು. ಈಗ ಅದು ಸುದ್ದಿಯೇ ಅಲ್ಲ. ಬ್ರಿಟನ್, ಐರ್ಲೆಂಡ್, ಕೆನಡಾಗಳ ಜನ ಮಂಡಿ ಆಪರೇಷನ್ನಿಗಾಗಿ ತಾವೇ ದುಡ್ಡು ಹೊಂದಿಸಿಕೊಂಡು ಲಿಥುವೇನಿಯಾ, ಪೋಲೆಂಡ್, ಸ್ಪೇನ್, ಭಾರತಗಳಿಗೆ ಹೊರಡುತ್ತಾರೆ. ನಮ್ಮ ಕನ್ನಡದವರೂ ಅವರಲ್ಲಿದ್ದಾರೆ. ಅಲ್ಲಿ ನೆಲೆಸಿ ಇಪ್ಪತ್ತು ಮೂವತ್ತು ವರ್ಷ ತೆರಿಗೆ ಕಟ್ಟಿದವರು ಮಂಡಿ ಸವೆದ ದಿನ ಬೆಂಗಳೂರಿನ ಟಿಕೆಟ್ಟು ಹುಡುಕುತ್ತಾರೆ.

ಹೀಗೆ ಹೋಗುವುದು ಜಾಣತನವೋ ದುಡುಕೋ? ಎರಡಕ್ಕೂ ಉದಾಹರಣೆಗಳಿವೆ. ಈ ವಿಷಯದ ಬಗ್ಗೆ ಓದಿದಷ್ಟೂ, ಹೋಗಿಬಂದವರನ್ನು ಮಾತಾಡಿಸಿದಷ್ಟೂ ನನಗೆ ಗಟ್ಟಿಯಾದದ್ದು ಒಂದೇ ಅಭಿಪ್ರಾಯ. ಪರದೇಶದಲ್ಲಿ ಆಪರೇಷನ್ ಸುಲಭವಾಗಿ ಸಿಗುತ್ತದೆ, ಆಪರೇಷನ್ ಆದಮೇಲಿನ ವರ್ಷ ಸಿಗುವುದಿಲ್ಲ. ಮಂಡಿ ಸರಿಹೋಗುವುದು ಆ ವರ್ಷದಲ್ಲಿ.

ಮೊದಲು ಆಪರೇಷನ್ ಏನೆಂದು ನೋಡೋಣ. ಮಂಡಿಚಿಪ್ಪನ್ನು ತೆಗೆದು ಬೇರೆ ಹಾಕುತ್ತಾರೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ತೊಡೆಮೂಳೆಯ ಕೆಳತುದಿ ಮತ್ತು ಮಂಡಿಯ ಕೆಳಗಿನ ಮೂಳೆಯ ಮೇಲ್ತುದಿಯಲ್ಲಿ ಸವೆದ ಭಾಗವನ್ನು ತೆಳುವಾಗಿ ಕೊಯ್ದು, ಮೇಲಿನದಕ್ಕೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಟೊಪ್ಪಿ ಹಾಕುತ್ತಾರೆ, ಕೆಳಗಿನದಕ್ಕೆ ಲೋಹದ ತಟ್ಟೆ ಕೂರಿಸುತ್ತಾರೆ. ಎರಡರ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಚಿಪ್ಪು ಬಹುಮಟ್ಟಿಗೆ ಇದ್ದದ್ದೇ ಇರುತ್ತದೆ. ಬೇಕಾದರೆ ಅದರ ಒಳಬದಿಗೆ ಒಂದು ಪ್ಲಾಸ್ಟಿಕ್ ಗುಂಡಿ. ಕೈಪಳಗಿದ ವೈದ್ಯರಿಗೆ ಒಂದೂವರೆ ಗಂಟೆಯ ಕೆಲಸ.

ಇದರ ಚರಿತ್ರೆಯಲ್ಲಿ ಒಂದು ವ್ಯಂಗ್ಯವಿದೆ. ಇಂದಿನ ಕೃತಕ ಮಂಡಿಯ ಮುತ್ತಜ್ಜನನ್ನು 1968ರ ಹೊತ್ತಿಗೆ ರೂಪಿಸಿದವರು ಫ್ರಾಂಕ್ ಗನ್‌ಸ್ಟನ್ ಎಂಬ ಕೆನಡಾದ ವೈದ್ಯ. ಆಗ ಅವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ, ಸೊಂಟದ ಕೀಲು ಬದಲಾವಣೆಯ ಗುರು ಜಾನ್ ಚಾರ್ನ್‌ಲಿಯವರ ಬಳಿ ಕೆಲಸ ಮಾಡುತ್ತಿದ್ದರು. ಕೆನಡಾದ ತಲೆ, ಇಂಗ್ಲೆಂಡಿನ ಆಸ್ಪತ್ರೆ. ಇವತ್ತು ಮಂಡಿ ಆಪರೇಷನ್ನಿಗೆ ಜನ ಕಾದು ಬೇಸತ್ತು ಊರುಬಿಡುವ ದೇಶಗಳಲ್ಲಿ ಅವೆರಡೂ ಇವೆ. 1974ರಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂದ ‘ಟೋಟಲ್ ಕಾಂಡಿಲರ್’ ಎಂಬ ಮಾದರಿಯೇ ಇಂದಿನ ಬಹುತೇಕ ಮಂಡಿಗಳ ಮೂಲ. ಅದನ್ನು ರೂಪಿಸಿದ ತಂಡದಲ್ಲಿ ಜಾನ್ ಇನ್ಸಾಲ್ ಅವರ ಜೊತೆ ನಮ್ಮ ದೇಶದ ಚಿತ್ತರಂಜನ್ ರಾಣಾವತ್ ಇದ್ದರು. 2000ದ ಅಕ್ಟೋಬರಿನಲ್ಲಿ ಪ್ರಧಾನಿ ವಾಜಪೇಯಿಯವರ ಎಡಮಂಡಿಗೆ, ಮರುವರ್ಷ ಜೂನಿನಲ್ಲಿ ಬಲಮಂಡಿಗೆ ಮುಂಬೈನಲ್ಲಿ ಆಪರೇಷನ್ ಮಾಡಿದವರೂ ಅವರೇ. ರೋಗಿ ಪರದೇಶಕ್ಕೆ ಹೋಗಲಿಲ್ಲ, ಪರದೇಶದ ವೈದ್ಯರೇ ಬಂದರು. ಪ್ರಧಾನಿಯಾಗಿದ್ದರೆ ಅದೂ ಒಂದು ದಾರಿ. ನಮ್ಮ ಊರುಗಳಲ್ಲಿ ‘ಮಂಡಿ ಆಪರೇಷನ್’ ಎಂಬ ಮಾತು ಮನೆಮಾತಾದದ್ದು ಆಮೇಲೆ.

ಹಾಗಾದರೆ ಶ್ರೀಮಂತ ದೇಶಗಳಲ್ಲಿ ಇಷ್ಟು ಉದ್ದದ ಸರದಿ ಯಾಕೆ? ಅಲ್ಲಿ ವೈದ್ಯರಿಗೆ ಬರಗಾಲವೆಂದು ಒಂದೇ ಏಟಿಗೆ ಹೇಳಿಬಿಡುವುದು ಸುಲಭ. ನಿಜವಾದ ಕಾರಣ ಇನ್ನೊಂದು ಕಡೆ ಇದೆ. ಮಂಡಿ ಸವೆತದಿಂದ ಯಾರೂ ಸಾಯುವುದಿಲ್ಲ. ಹಾಸಿಗೆ, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರು ಇವುಗಳಲ್ಲಿ ಯಾವುದು ಕಮ್ಮಿಬಿದ್ದರೂ ಮೊದಲು ಮುಂದಕ್ಕೆ ಹೋಗುವುದು ಮಂಡಿಯವರ ತಾರೀಖು. ಚಳಿಗಾಲದಲ್ಲಿ ಫ್ಲೂ ಹಿಡಿದ ಮುದುಕರು ವಾರ್ಡು ತುಂಬಿದರೆ ಮೂಳೆ ವಿಭಾಗದ ಹಾಸಿಗೆಗಳು ಅವರ ಪಾಲು. 2018ರ ಜನವರಿಯಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಿಗೆ, ತುರ್ತಲ್ಲದ ಆಪರೇಷನ್ನುಗಳನ್ನು ತಿಂಗಳ ಕೊನೆಯವರೆಗೆ ಮುಂದೂಡಿ ಎಂದು ಮೇಲಿನಿಂದಲೇ ಸೂಚನೆ ಬಂತು. 2020ರಲ್ಲಿ ಕೋವಿಡ್ ಬಂದಾಗ ಅವು ಪೂರ್ತಿ ನಿಂತೇ ಹೋದವು. 2023ರ ಸೆಪ್ಟೆಂಬರಿನ ಹೊತ್ತಿಗೆ ಇಂಗ್ಲೆಂಡಿನ ಕಾಯುವ ಪಟ್ಟಿ ಸುಮಾರು 77 ಲಕ್ಷ ಮುಟ್ಟಿತು. ಅದರಲ್ಲಿ ಅತಿ ದೊಡ್ಡ ಪಾಲು ಮೂಳೆ-ಕೀಲು ವಿಭಾಗದ್ದು. ಊರಿನ ವೈದ್ಯರು ಚೀಟಿ ಬರೆದ ದಿನದಿಂದ 18 ವಾರದೊಳಗೆ ನೂರಕ್ಕೆ 92 ಜನರಿಗೆ ಚಿಕಿತ್ಸೆ ಶುರುವಾಗಬೇಕೆಂಬುದು ಅಲ್ಲಿನ ನಿಯಮ. 2016ರ ಆರಂಭದಿಂದೀಚೆಗೆ ಒಂದು ತಿಂಗಳೂ ಆ ಗುರಿ ಮುಟ್ಟಿಲ್ಲ.

ಕೆನಡಾದ್ದು ಇನ್ನೊಂದು ಕಥೆ. ಕೇಂದ್ರ ಮತ್ತು ಪ್ರಾಂತ್ಯಗಳು 2004ರಲ್ಲಿ ಕೂತು ಕಾಯುವಿಕೆ ತಗ್ಗಿಸಲು 550 ಕೋಟಿ ಡಾಲರು ತೆಗೆದಿಟ್ಟವು. ಮರುವರ್ಷ ಮಂಡಿ, ಸೊಂಟಗಳಿಗೆ 26 ವಾರದ ಗಡುವು ಹಾಕಿದವು. ಕೋವಿಡ್‌ಗೆ ಮುಂಚೆ, 2019ರಲ್ಲಿ, ಮಂಡಿಯವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಗೆ ಆ ಗಡುವಿನೊಳಗೆ ಆಪರೇಷನ್ ಆಗುತ್ತಿತ್ತು. 2022ರಲ್ಲಿ ಅದು ನೂರಕ್ಕೆ ಐವತ್ತಕ್ಕೆ ಇಳಿಯಿತು. ಈ ಲೆಕ್ಕದಲ್ಲೂ ಒಂದು ಚಮತ್ಕಾರವಿದೆ. 26 ವಾರದ ಗಡಿಯಾರ ಓಡಲು ಶುರುವಾಗುವುದು ಆಪರೇಷನ್ ಮಾಡೋಣ ಎಂದು ತಜ್ಞರು ಒಪ್ಪಿದ ಮೇಲೆ. ಆ ತಜ್ಞರ ಮುಖ ನೋಡಲು ಕಾದ ತಿಂಗಳುಗಳು ಲೆಕ್ಕಕ್ಕೆ ಬರುವುದಿಲ್ಲ. ಇಂಗ್ಲೆಂಡಿನ 18 ವಾರವನ್ನೂ ಕೆನಡಾದ 26 ವಾರವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವವರು ಇದನ್ನು ಮರೆಯುತ್ತಾರೆ.

ಕಾಯುವುದೆಂದರೆ ಸುಮ್ಮನೆ ಕೂತಿರುವುದಲ್ಲ. ನೋವಿಗೆ ಹೆದರಿ ನಡಿಗೆ ಕಮ್ಮಿಯಾಗುತ್ತದೆ, ತೊಡೆಯ ಸ್ನಾಯು ಕರಗುತ್ತದೆ, ತೂಕ ಏರುತ್ತದೆ, ರಾತ್ರಿ ನಿದ್ದೆ ಹಾರುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿರುವ, ಹಾಸನದ ಕಡೆಯ ಹೆಂಗಸೊಬ್ಬರು ಫೋನಿನಲ್ಲಿ ಅಂದದ್ದು: “ಒಂದು ಮಂಡಿಗೆ ಅಂತ ಹೆಸರು ಬರೆಸಿದೆ ಕಣಪ್ಪ. ಕಾಯೋದ್ರಲ್ಲಿ ಇನ್ನೊಂದೂ ಹೋಯ್ತು. ಈಗ ಎರಡನೇದಕ್ಕೆ ಬೇರೆ ಪಟ್ಟಿ, ಬೇರೆ ಸರದಿ.” ಇದು ಒಬ್ಬರ ಗೋಳಲ್ಲ. ಬ್ರಿಟನ್ನಿನ ಮೂಳೆ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮಂಡಿಗಾಗಿ ಕಾಯುತ್ತಿದ್ದವರ ಬದುಕಿನ ಗುಣಮಟ್ಟವನ್ನು ಒಂದು ಪ್ರಮಾಣಿತ ಪ್ರಶ್ನಾವಳಿಯಿಂದ ಅಳೆಯಿತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಅಂಕ ಸೊನ್ನೆಗಿಂತ ಕೆಳಗಿತ್ತು. ಆ ಅಳತೆಗೋಲಿನಲ್ಲಿ ಸೊನ್ನೆಯೆಂದರೆ ಸಾವು.

ಇಂಥ ಸ್ಥಿತಿಯಲ್ಲಿ ಕಾಯಲಾರೆ ಎಂದವರು ಕೋರ್ಟಿನ ಮೆಟ್ಟಿಲೂ ಹತ್ತಿದ್ದಾರೆ. ಈ ವಿಷಯದ ಕಾನೂನು ಚರಿತ್ರೆ ಬಹುಪಾಲು ಸವೆದ ಕೀಲುಗಳದ್ದೇ. ಬೆಡ್‌ಫರ್ಡ್‌ನ ಯಿವಾನ್ ವಾಟ್ಸ್ ಎಂಬಾಕೆಗೆ ಎರಡೂ ಸೊಂಟದ ಕೀಲು ಸವೆದಿದ್ದವು. ಸ್ಥಳೀಯ ಆರೋಗ್ಯ ಸಂಸ್ಥೆ ಮೊದಲು ಒಂದು ವರ್ಷ ಕಾಯಲು ಹೇಳಿತು, ಮತ್ತೆ ಪರೀಕ್ಷಿಸಿದ ಮೇಲೆ ಅದನ್ನು ಮೂರು ನಾಲ್ಕು ತಿಂಗಳಿಗೆ ಇಳಿಸಿತು. ಆಕೆ ಕಾಯಲಿಲ್ಲ. 2003ರ ಮಾರ್ಚಿನಲ್ಲಿ ಫ್ರಾನ್ಸಿನ ಅಬ್‌ವಿಲ್‌ಗೆ ಹೋಗಿ 3,900 ಪೌಂಡು ಕೊಟ್ಟು ಆಪರೇಷನ್ ಮಾಡಿಸಿಕೊಂಡು ಬಂದು, ಆ ಹಣ ಕೊಡಿ ಎಂದು ದಾವೆ ಹೂಡಿದರು. 2006ರಲ್ಲಿ ಯೂರೋಪಿನ ನ್ಯಾಯಾಲಯ ಕೊಟ್ಟ ತೀರ್ಪಿನ ತಿರುಳು ಇಷ್ಟು: ಪಟ್ಟಿ ಇದೆ, ಸರದಿ ಇದೆ ಎಂಬುದೊಂದೇ ನಿರಾಕರಣೆಗೆ ಸಾಲದು, ಆ ರೋಗಿಯ ನೋವು, ಅಂಗವೈಕಲ್ಯ, ರೋಗದ ಗತಿ ನೋಡಿದರೆ ಆ ಕಾಯುವಿಕೆ ವೈದ್ಯಕೀಯವಾಗಿ ಒಪ್ಪುವಂಥದ್ದೇ ಎಂದು ಕೇಳಬೇಕು. ಈ ಜಾಡಿನಲ್ಲೇ 2011ರಲ್ಲಿ ಐರೋಪ್ಯ ಒಕ್ಕೂಟ ಗಡಿಯಾಚೆಯ ಚಿಕಿತ್ಸೆಯ ಕಾನೂನು ತಂದಿತು. ತನ್ನ ದೇಶದಲ್ಲಿ ಆಗುತ್ತಿದ್ದಷ್ಟು ಖರ್ಚನ್ನು ರೋಗಿ ವಾಪಸು ಪಡೆಯಬಹುದಾಯಿತು. ಬ್ರೆಕ್ಸಿಟ್‌ ಆದಮೇಲೆ 2020ರ ಕೊನೆಗೆ ಬ್ರಿಟನ್ನಿನವರಿಗೆ ಈ ಬಾಗಿಲು ಮುಚ್ಚಿತು. ಎಸ್-2 ಎಂಬ, ಮೊದಲೇ ಮಂಜೂರಾತಿ ಪಡೆಯಬೇಕಾದ ಕಿರುದಾರಿಯೊಂದು ಮಾತ್ರ ಉಳಿದಿದೆ. ಅದು ಯೂರೋಪಿನ ಸರ್ಕಾರಿ ವ್ಯವಸ್ಥೆಯೊಳಗಿನ ಆಸ್ಪತ್ರೆಗಳಿಗೆ ಸೀಮಿತ. ಬೆಂಗಳೂರಿಗೆ ಬರುವವರು ಕೈಯಿಂದಲೇ ಕೊಡಬೇಕು.

ಕೆನಡಾದಲ್ಲೂ ಹೀಗೆಯೇ. ಕ್ವಿಬೆಕ್‌ನ ಜಾರ್ಜ್ ಜೆಲಿಯೋಟಿಸ್ ಸೊಂಟದ ಕೀಲಿಗಾಗಿ ಕಾದು ಬೇಸತ್ತು, ಜಾಕ್ ಶವೂಲಿ ಎಂಬ ವೈದ್ಯರ ಜೊತೆ ಸೇರಿ ಹೂಡಿದ ದಾವೆಯಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ನಾಲ್ಕಕ್ಕೆ ಮೂರರ ಬಹುಮತದಿಂದ ಅವರ ಕಡೆ ನಿಂತಿತು. ಸರದಿ ಇಷ್ಟುದ್ದವಿರುವಾಗ ಖಾಸಗಿ ವಿಮೆಯನ್ನು ನಿಷೇಧಿಸುವುದು ಕ್ವಿಬೆಕ್‌ನ ಹಕ್ಕುಪತ್ರಕ್ಕೆ ವಿರುದ್ಧ ಎಂದಿತು. ಇದೇ ವಾದವನ್ನು ಬ್ರಿಟಿಷ್ ಕೊಲಂಬಿಯಾದಲ್ಲಿ ಬ್ರಯನ್ ಡೇ ಎಂಬ ಮೂಳೆ ವೈದ್ಯರು ವರ್ಷಗಟ್ಟಲೆ ನಡೆಸಿ ಸೋತರು. 2023ರಲ್ಲಿ ಸುಪ್ರೀಂ ಕೋರ್ಟು ಅವರ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಪ್ರಾಂತ್ಯಕ್ಕೊಂದು ಕಾನೂನು ಇರುವುದರಿಂದ ಹುಟ್ಟಿರುವ ವಿಚಿತ್ರ ನೋಡಿ. ಒಂದು ಪ್ರಾಂತ್ಯದ ಖಾಸಗಿ ಕ್ಲಿನಿಕ್ಕು ತನ್ನ ಊರಿನವರಿಂದ ಇಂಥ ಆಪರೇಷನ್ನಿಗೆ ಹಣ ತೆಗೆದುಕೊಳ್ಳುವುದು ಕಷ್ಟ, ಪಕ್ಕದ ಪ್ರಾಂತ್ಯದವರಿಂದ ತೆಗೆದುಕೊಳ್ಳಬಹುದು. ಹಾಗಾಗಿ ಆಂಟೇರಿಯೋದವರು ಕ್ವಿಬೆಕ್‌ಗೆ, ಆಲ್ಬರ್ಟಾದವರು ಬೇರೆಡೆಗೆ ಹೋಗುತ್ತಾರೆ. ಒಂದು ಮಂಡಿಗೆ ಇಪ್ಪತ್ತರಿಂದ ಮೂವತ್ತು ಸಾವಿರ ಡಾಲರು. ಐರ್ಲೆಂಡಿನಲ್ಲಿ ಇನ್ನೂ ಸೋಜಿಗ. ಗಣರಾಜ್ಯದ ರೋಗಿಗಳು ಸರ್ಕಾರದ ಮರುಪಾವತಿ ಯೋಜನೆಯಲ್ಲಿ ಗಡಿ ದಾಟಿ ಉತ್ತರ ಐರ್ಲೆಂಡಿನ ಖಾಸಗಿ ಆಸ್ಪತ್ರೆಗಳಿಗೆ ಹೋಗುತ್ತಾರೆ. ಅದೇ ಉತ್ತರ ಐರ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಯ ಸರದಿ ಇಡೀ ಬ್ರಿಟನ್ನಿನಲ್ಲೇ ಅತಿ ಉದ್ದ.

ಸರ್ಕಾರಗಳೇ ರೋಗಿಗಳನ್ನು ಹೊರದೇಶಕ್ಕೆ ಕಳಿಸಿದ ದೊಡ್ಡ ಪ್ರಯೋಗ ನಡೆದದ್ದು ನಾರ್ವೆಯಲ್ಲಿ. 2001ರಿಂದ 2003ರವರೆಗೆ ನೂರು ಕೋಟಿ ಕ್ರೋನರ್ ಎತ್ತಿಟ್ಟು ಸಾವಿರಾರು ಜನರನ್ನು ಹೊರಗೆ ಕಳಿಸಿ ಆಪರೇಷನ್ ಮಾಡಿಸಿದರು. ಹಣ ಮುಗಿಯಿತು, ಯೋಜನೆ ಮುಗಿಯಿತು. ಇಂಗ್ಲೆಂಡಿನ ಲೀಲ್ ಪ್ರಯೋಗವೂ ದೊಡ್ಡದಾಗಿ ಬೆಳೆಯಲಿಲ್ಲ. ಸರದಿ ನಿಜಕ್ಕೂ ಕರಗುವುದು ಎಪ್ಸಮ್‌ನಲ್ಲಿ 2004ರಿಂದ ನಡೆಯುತ್ತಿರುವಂಥ ಕೀಲುಕೇಂದ್ರಗಳಿಂದ ಎಂದು ನನಗನಿಸುತ್ತದೆ. ಅಲ್ಲಿ ಕೀಲು ಬದಲಾವಣೆಗೆಂದೇ ಹಾಸಿಗೆ, ಥಿಯೇಟರುಗಳನ್ನು ಬೇರೆ ಇಟ್ಟಿದ್ದಾರೆ. ಫ್ಲೂ ಬಂದರೂ ಅಪಘಾತ ಬಂದರೂ ಅವನ್ನು ಯಾರೂ ಕಸಿಯುವಂತಿಲ್ಲ. ಆದರೆ ಇವತ್ತು ಮೆಟ್ಟಿಲು ಹತ್ತಲಾಗದೆ ಕೆಳಗಿನ ಕೋಣೆಯಲ್ಲಿ ಮಂಚ ಹಾಕಿಸಿಕೊಂಡವರಿಗೆ ಈ ನೀತಿಪಾಠದಿಂದ ಏನು ಪ್ರಯೋಜನ? ಅವರು ಫೋನು ತೆಗೆಯುತ್ತಾರೆ.

ಆ ಫೋನಿನ ಇನ್ನೊಂದು ತುದಿಯಲ್ಲಿ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯ ಅಂತಾರಾಷ್ಟ್ರೀಯ ರೋಗಿಗಳ ವಿಭಾಗ. ನಿಂತು ತೆಗೆಸಿದ ಎಕ್ಸ್‌ರೇ ವಾಟ್ಸ್ಆ್ಯಪ್ ಮಾಡಿ ಎನ್ನುತ್ತಾರೆ. ಮಲಗಿ ತೆಗೆಸಿದ್ದಾದರೆ ಕೀಲಿನ ಸಂದು ಎಷ್ಟು ಮುಚ್ಚಿದೆಯೆಂದು ತಿಳಿಯುವುದಿಲ್ಲ. ಸಕ್ಕರೆ, ಬಿಪಿ, ರಕ್ತ ತೆಳುವಾಗುವ ಮಾತ್ರೆಗಳ ವಿವರ ಕೇಳುತ್ತಾರೆ. ಮಾರನೆಯ ದಿನ ಪ್ಯಾಕೇಜು ಬರುತ್ತದೆ: ಆಪರೇಷನ್, ಇಂಪ್ಲಾಂಟ್ (ಕೃತಕ ಕೀಲು), ನಾಲ್ಕೈದು ದಿನದ ಕೋಣೆ, ಜೊತೆಯಲ್ಲಿ ಬಂದವರಿಗೆ ಮಂಚ, ಏರ್‌ಪೋರ್ಟಿನಿಂದ ಕಾರು. ಆಪರೇಷನ್ನಿಗೆ ರೋಬೋಟಿನ ನೆರವು ಬೇಕಾದರೆ ಮೇಲೊಂದಿಷ್ಟು. ಒಂದು ಮಂಡಿಗೆ ಎರಡರಿಂದ ನಾಲ್ಕು ಲಕ್ಷ ರೂಪಾಯಿ ಈಗ ಮಾಮೂಲಿ ದರ. ಬ್ರಿಟನ್ನಿನ ಖಾಸಗಿ ಆಸ್ಪತ್ರೆಯಲ್ಲಿ ಇದಕ್ಕೇ ಸುಮಾರು 15 ಸಾವಿರ ಪೌಂಡು, ನಮ್ಮ ಲೆಕ್ಕದಲ್ಲಿ ಹದಿನೈದು ಲಕ್ಷ ಮೀರುತ್ತದೆ. ಲಿಥುವೇನಿಯಾದ ಕೌನಸ್ ನಗರದಲ್ಲಿ ಅದರ ಅರ್ಧದ ಆಸುಪಾಸು, ವಿಮಾನದಲ್ಲಿ ಮೂರು ಗಂಟೆ ಸಹ ಇಲ್ಲ. ಬ್ರಿಟಿಷರು ಅಲ್ಲಿಗೇ ಹೆಚ್ಚು ಹೋಗುವುದರಲ್ಲಿ ಅರ್ಥವಿದೆ. ಬೆಂಗಳೂರನ್ನು ಆರಿಸುವವರಲ್ಲಿ ನಮ್ಮವರೇ ಹೆಚ್ಚು: ಸಾಗರೋತ್ತರ ಭಾರತೀಯರ ಓಸಿಐ ಕಾರ್ಡು ಇದ್ದರೆ ವೀಸಾ ಬೇಡ, ಮಲ್ಲೇಶ್ವರದಲ್ಲೋ ಜಯನಗರದಲ್ಲೋ ತಂಗಿಯ ಮನೆ ಇದೆ, ಮೆತ್ತನೆ ಅನ್ನ-ಸಾರು ಮಾಡಿಕೊಡುವವರಿದ್ದಾರೆ. ಉಳಿದವರಿಗೆ ಇ-ಮೆಡಿಕಲ್ ವೀಸಾ, 60 ದಿನ.

ಭಾರತಕ್ಕೆ ಚಿಕಿತ್ಸೆಗೆಂದು ಬರುವವರೆಲ್ಲ ಸರದಿ ತಪ್ಪಿಸಿಕೊಳ್ಳಲು ಬರುತ್ತಾರೆಂದು ಭಾವಿಸಬಾರದು. ಅವರಲ್ಲಿ ಅತಿ ಹೆಚ್ಚಿನವರು ಬಾಂಗ್ಲಾದೇಶದವರು. ಇರಾಕ್, ಒಮಾನ್, ಮಾಲ್ಡೀವ್ಸ್, ಆಫ್ರಿಕಾದ ದೇಶಗಳಿಂದಲೂ ಬರುತ್ತಾರೆ. ಅವರಲ್ಲಿ ಬಹುಮಂದಿಯ ಕಷ್ಟ ಸರದಿಯದ್ದಲ್ಲ, ಅವರ ಊರಿನಲ್ಲಿ ನಂಬಿಕೊಳ್ಳುವಂಥ ಆಸ್ಪತ್ರೆಯೇ ಇಲ್ಲ. ಬರ್ಮಿಂಗ್‌ಹ್ಯಾಮಿನವರು ಬೇಡವೆಂದರೆ ಊರಲ್ಲೇ ಕಾಯಬಹುದು. ಇವರಿಗೆ ಕಾಯಲು ಪಟ್ಟಿಯೂ ಇಲ್ಲ.

ದರದ ಮಾತು ಬಂದಾಗ ಒಂದು ಸಂಗತಿ ಹೇಳಲೇಬೇಕು. 2017ರ ಆಗಸ್ಟಿನಲ್ಲಿ ಔಷಧ ಬೆಲೆ ಪ್ರಾಧಿಕಾರ ಮಂಡಿ ಇಂಪ್ಲಾಂಟುಗಳಿಗೆ ಬೆಲೆಮಿತಿ ಹಾಕಿತು. ಅಲ್ಲಿಯವರೆಗೆ ಸರಾಸರಿ ಒಂದೂವರೆ ಲಕ್ಷ ಮೀರಿದ್ದ ಕೋಬಾಲ್ಟ್-ಕ್ರೋಮಿಯಂ ಮಂಡಿ 54,720 ರೂಪಾಯಿಗೆ ಇಳಿಯಿತು, ಟೈಟೇನಿಯಂ ಮೊದಲಾದ ವಿಶೇಷ ಲೋಹದ್ದು 76,600ಕ್ಕೆ. ಇಂಪ್ಲಾಂಟಿನಲ್ಲಿ ಇಳಿದದ್ದು ಪ್ಯಾಕೇಜಿನ ಬೇರೆ ಸಾಲುಗಳಲ್ಲಿ ಏರಿತೆಂಬ ದೂರು ಆಗಲೇ ಕೇಳಿಬಂತು. ಅದು ಪೂರ್ತಿ ಸುಳ್ಳಲ್ಲ. ಆದರೂ ಆ ಆದೇಶದಿಂದ ಒಂದು ಲಾಭ ಆಯಿತು. ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆ, ಕಂಪನಿ, ಬ್ಯಾಚ್ ನಂಬರು ಪ್ರತ್ಯೇಕವಾಗಿ ಬರೆಯಬೇಕಾಯಿತು. ಇದು ಯಾಕೆ ಮುಖ್ಯವೆಂದು ಮುಂದೆ ಗೊತ್ತಾಗುತ್ತದೆ.

ಇನ್ನು ಅಪಾಯಗಳು. ನಮ್ಮಲ್ಲಿ ಈ ಮಾತು ಎತ್ತಿದ ಕೂಡಲೇ ಬೆಂಗಳೂರಿನ ವೈದ್ಯರೇನು ಕಮ್ಮಿಯೇ ಎಂದು ಕೆಲವರಿಗೆ ಸಿಟ್ಟು ಬರುತ್ತದೆ. ಕಮ್ಮಿಯಿಲ್ಲ. ದಿನಕ್ಕೆ ಮೂರು ನಾಲ್ಕು ಮಂಡಿ ಮಾಡುವ ಕೈಗೆ ಅಭ್ಯಾಸ ಹೆಚ್ಚೇ ಇರುತ್ತದೆ, ಮತ್ತು ಈ ಆಪರೇಷನ್ನಿನಲ್ಲಿ ಅಭ್ಯಾಸ ಬಹಳ ದೊಡ್ಡದು. ತೊಂದರೆ ಇರುವುದು ಕೈಯಲ್ಲಲ್ಲ, ಕ್ಯಾಲೆಂಡರಿನಲ್ಲಿ.

ಮೊದಲನೆಯದು ರಕ್ತ ಹೆಪ್ಪುಗಟ್ಟುವುದು. ಮಂಡಿ ಆಪರೇಷನ್ ಆದ ಕಾಲಿನ ಆಳದ ರಕ್ತನಾಳಗಳಲ್ಲಿ ಗಂಟು ಕಟ್ಟುವ ಅಪಾಯ ಮೊದಲ ವಾರಗಳಲ್ಲಿ ಹೆಚ್ಚು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಹತ್ತು ಹನ್ನೊಂದು ಗಂಟೆ ಕಾಲು ಮಡಿಚಿ ಕೂರುವ ವಿಮಾನಯಾನ ಅದನ್ನು ಇನ್ನಷ್ಟು ಏರಿಸುತ್ತದೆ. ದೀರ್ಘ ಪ್ರಯಾಣಕ್ಕೆ ಬ್ರಿಟನ್ನಿನ ಬಹಳ ವೈದ್ಯರು ಮೂರು ತಿಂಗಳು ತಡೆಯಿರಿ ಎನ್ನುತ್ತಾರೆ. ಆದರೆ ಮೂರು ತಿಂಗಳ ರಜೆ ಯಾರಿಗಿದೆ? ಮೂರನೇ ವಾರಕ್ಕೆ, ಹೊಲಿಗೆ ಬಿಚ್ಚಿದ ಮೇಲೆ, ಹೊಟ್ಟೆಗೆ ಚುಚ್ಚಿಕೊಳ್ಳುವ ಸೂಜಿಮದ್ದು, ಬಿಗಿ ಕಾಲುಚೀಲ, ನಡುದಾರಿಯ ಸೀಟು ಇಷ್ಟನ್ನು ನಂಬಿ ಹತ್ತುವವರಿದ್ದಾರೆ. ಬಹುಮಂದಿಗೆ ಏನೂ ಆಗುವುದಿಲ್ಲ. ಅದನ್ನೇ ಧೈರ್ಯವೆಂದು ಇನ್ನೊಬ್ಬರಿಗೆ ಹೇಳಿಕೊಡುತ್ತಾರೆ, ನನಗೆ ಭಯವಾಗುವುದು ಅಲ್ಲೇ.

ಎರಡನೆಯದು ಜೋಡಿ ಮಂಡಿ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ಮಂಡಿ ಮಾಡಿ, ತಿಂಗಳುಗಳು ಬಿಟ್ಟು ಇನ್ನೊಂದು ಮಾಡುತ್ತಾರೆ. ನಮ್ಮಲ್ಲಿ ಎರಡನ್ನೂ ಒಂದೇ ದಿನ ಮಾಡುವ ಪದ್ಧತಿ ಹೆಚ್ಚು ರೂಢಿಯಲ್ಲಿದೆ. ದೂರದಿಂದ ಬಂದವರಿಗಂತೂ ಇದು ದೊಡ್ಡ ಆಸೆ: ಇನ್ನೊಮ್ಮೆ ಯಾರು ಬರುತ್ತಾರೆ, ಒಂದೇ ಸಲ ಮುಗಿಸಿಬಿಡಿ ಡಾಕ್ಟ್ರೇ. ಅರವತ್ತು ದಾಟದ, ಹೃದಯ ಗಟ್ಟಿಯಿರುವ ರೋಗಿಗೆ ಅದು ಸರಿಹೋಗಬಹುದು. ಎಪ್ಪತ್ತೈದರ, ಸಕ್ಕರೆ ಇರುವ, ಹೃದಯಕ್ಕೆ ಸ್ಟೆಂಟು ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟುವ, ಹೃದಯಕ್ಕೆ ತೊಂದರೆಯಾಗುವ ಅಪಾಯ ಒಂದೇ ಮಂಡಿಗಿಂತ ಎಷ್ಟೋ ಹೆಚ್ಚು. ಇಲ್ಲಿ ನಿರ್ಧಾರ ಮಾಡುವುದು ವೈದ್ಯಶಾಸ್ತ್ರವಲ್ಲ, ವಿಮಾನದ ಟಿಕೆಟ್ಟು. ಇದು ತಪ್ಪು ಎಂದು ಮುಖಕ್ಕೆ ಹೇಳುವ ವೈದ್ಯರು ಸಿಕ್ಕರೆ ಅವರಲ್ಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು, ಎಲ್ಲಕ್ಕಿಂತ ಕೆಟ್ಟದ್ದು, ಸೋಂಕು. ಒಳ್ಳೆಯ ಆಸ್ಪತ್ರೆಯಲ್ಲೂ ನೂರರಲ್ಲಿ ಒಬ್ಬಿಬ್ಬರಿಗೆ ಹೊಸ ಕೀಲು ಸೋಂಕುತ್ತದೆ, ಅದು ಜಗತ್ತಿನಾದ್ಯಂತದ ಮಾತು. ಲೋಹದ ಮೇಲೆ ಬ್ಯಾಕ್ಟೀರಿಯಾ ಲೋಳೆಪದರ ಕಟ್ಟಿಕೊಂಡರೆ ಔಷಧ ಅದರೊಳಗೆ ಇಳಿಯುವುದಿಲ್ಲ. ಮೊದಲ ಕೆಲವು ವಾರದಲ್ಲಿ ಪತ್ತೆಯಾದರೆ ಕೀಲು ತೆರೆದು ತೊಳೆದು, ನಡುವಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಮಾತ್ರ ಬದಲಿಸಿ ಉಳಿಸಿಕೊಳ್ಳುವ ಸಾಧ್ಯತೆಯಿದೆ. ಇಲ್ಲಿಯೇ ಆ ಬ್ಯಾಚ್ ನಂಬರು ಬೇಕಾಗುವುದು. ಒಂದು ಕಂಪನಿಯ ತಟ್ಟೆಗೆ ಇನ್ನೊಂದು ಕಂಪನಿಯ ಬಿಲ್ಲೆ ಕೂರುವುದಿಲ್ಲ. ಅದೇ ಕಂಪನಿಯದ್ದೇ ಆದರೂ ಮಾದರಿ, ಅಳತೆ ಸರಿಹೊಂದಬೇಕು. ಬೆಂಗಳೂರಿನಲ್ಲಿ ಹಾಕಿಸಿಕೊಂಡ ಕೀಲಿನ ಬಿಲ್ಲೆ ಬ್ರಿಟನ್ನಿನಲ್ಲಿ ಮಾರಾಟಕ್ಕೇ ಇಲ್ಲದಿದ್ದರೆ, ಅರ್ಧ ಗಂಟೆಯಲ್ಲಿ ಬದಲಾಗಬೇಕಿದ್ದ ಪ್ಲಾಸ್ಟಿಕ್ಕಿಗಾಗಿ ಇಡೀ ಮಂಡಿಯನ್ನೇ ಕಿತ್ತುಹಾಕಬೇಕಾದೀತು. ಆಮೇಲೆ ತಿಂಗಳುಗಟ್ಟಲೆ ಔಷಧ, ಎರಡನೇ ಆಪರೇಷನ್, ಮೊದಲಿನಷ್ಟು ಮಡಚದ ಕಾಲು. ಆಪರೇಷನ್ ಮುಗಿದ ಕೂಡಲೇ ಥಿಯೇಟರಿನ ಸಿಬ್ಬಂದಿ ಇಂಪ್ಲಾಂಟ್ ಡಬ್ಬಿಯ ಪುಟ್ಟ ಸ್ಟಿಕರುಗಳನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಕಂಪನಿ, ಮಾದರಿ, ಅಳತೆ, ಬ್ಯಾಚು ಎಲ್ಲ ಅದರಲ್ಲಿರುತ್ತದೆ. ಡಿಸ್‌ಚಾರ್ಜ್ ಸಮರಿಯ ಜೊತೆ ಅದರ ನಕಲು ಕೇಳಿ ತೆಗೆದುಕೊಂಡವರು ಕಮ್ಮಿ.

ಸೋಂಕಿನ ಮಾತಿಗೆ ರಾಜಕೀಯವೂ ಸೇರಿಕೊಂಡಿದೆ. 2010ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು, ಬಹುತೇಕ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ ಬರೆಯುತ್ತಾ ಎನ್‌ಡಿಎಂ-1 ಎಂಬ ಕಿಣ್ವದ ಹರಡುವಿಕೆಯನ್ನೂ ಭಾರತ, ಪಾಕಿಸ್ತಾನಗಳಿಗೆ ಹೋಗಿ ಚಿಕಿತ್ಸೆ ಪಡೆದ ಬ್ರಿಟಿಷ್ ರೋಗಿಗಳನ್ನೂ ಜೋಡಿಸಿತು. ಹೆಸರಿನಲ್ಲಿ ನವದೆಹಲಿ ಇದ್ದದ್ದಕ್ಕೆ ನಮ್ಮ ಸರ್ಕಾರ ಕೆರಳಿತು, ವೈದ್ಯಕೀಯ ಪ್ರವಾಸದ ಮೇಲಿನ ಪಿತೂರಿ ಎಂದವರೂ ಇದ್ದರು. ಊರಿನ ಹೆಸರು ಇಟ್ಟದ್ದು ಅನ್ಯಾಯವೆಂದೇ ಇಟ್ಟುಕೊಳ್ಳೋಣ. ಔಷಧಕ್ಕೆ ಬಗ್ಗದ ಸೋಂಕು ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚು ಎಂಬುದನ್ನು ನಮ್ಮ ವೈದ್ಯರೇ ಅಲ್ಲಗಳೆಯುವುದಿಲ್ಲ. ಆಸ್ಪತ್ರೆಯನ್ನು ಆರಿಸುವವರು ಲಾಬಿಯ ಗ್ರಾನೈಟನ್ನು ನೋಡುವ ಬದಲು, ಕಳೆದ ವರ್ಷ ನಿಮ್ಮಲ್ಲಿ ಮಂಡಿ ಸೋಂಕು ಎಷ್ಟು ಮಂದಿಗೆ ಆಯಿತು ಎಂದು ನೇರವಾಗಿ ಕೇಳಬೇಕು. ಸ್ವೀಡನ್ 1975ರಿಂದ, ಇಂಗ್ಲೆಂಡ್ 2003ರಿಂದ ಪ್ರತಿ ಮಂಡಿಯನ್ನೂ ರಾಷ್ಟ್ರೀಯ ದಾಖಲೆಗೆ ಸೇರಿಸುತ್ತವೆ. ಯಾವ ಕಂಪನಿಯ ಕೀಲು ಬೇಗ ಸಡಿಲಾಯಿತೆಂದು ಅಲ್ಲಿ ಗೊತ್ತಾಗುತ್ತದೆ. ನಮ್ಮಲ್ಲಿ ಕೀಲುತಜ್ಞರ ಸಂಘದ ದಾಖಲೆಯಿದೆ, ಅದಕ್ಕೆ ವಿವರ ಕೊಡುವುದು ಬಿಡುವುದು ವೈದ್ಯರ ಇಷ್ಟ. ಪರದೇಶಗಳಿಂದ ಜನ ಬರಲಿ ಎಂದು ಕರೆಯುವ ದೇಶಕ್ಕೆ ಇದು ಶೋಭೆಯಲ್ಲ.

ವ್ಯಾಯಾಮದ ವಿಷಯ ಸಣ್ಣದೆನಿಸುತ್ತದೆ, ಆದರೆ ಸೋಲು ಗೆಲುವು ಇರುವುದು ಅಲ್ಲಿ. ಆಪರೇಷನ್ ಆದ ದಿನವೋ ಮಾರನೆಯ ದಿನವೋ ವಾಕರ್ ಹಿಡಿಸಿ ನಡೆಸುತ್ತಾರೆ. ಆಮೇಲಿನ ಆರು ವಾರ ಮಂಡಿಯನ್ನು ದಿನಾ ಮಡಚಬೇಕು, ಪೂರ್ತಿ ನೀಟಬೇಕು, ಕಣ್ಣಲ್ಲಿ ನೀರು ಬಂದರೂ ಬಿಡುವಂತಿಲ್ಲ. ಆರು ವಾರಕ್ಕೆ 90 ಡಿಗ್ರಿ ಮಡಚದಿದ್ದರೆ ಒಳಗೆ ಗಾಯದ ಕಲೆ ಗಟ್ಟಿಯಾಗಿ ಕಾಲು ಹಿಡಿದುಕೊಳ್ಳುತ್ತದೆ. ಆಗ ಮತ್ತೆ ಅರಿವಳಿಕೆ ಕೊಟ್ಟು ಮಡಚಿಸಬೇಕು. ಈ ಆರು ವಾರದಲ್ಲಿ ರೋಗಿ ಇರುವುದೆಲ್ಲಿ? ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದರೆ ಮನೆಗೇ ಬರುವ ಫಿಸಿಯೋ ಸಿಗುತ್ತಾರೆ. ಎರಡನೇ ವಾರಕ್ಕೇ ವಾಪಸು ಹೋದವರನ್ನು ಅವರ ಊರಿನ ಫಿಸಿಯೋಗಳು ನೀವು ನಮ್ಮ ಪಟ್ಟಿಯಲ್ಲಿಲ್ಲ ಎನ್ನಬಹುದು. ತುರ್ತು ತೊಂದರೆಯಾದರೆ ಎನ್‌ಎಚ್‌ಎಸ್ ಬಾಗಿಲು ಮುಚ್ಚುವುದಿಲ್ಲ. ಹೊರಗೆ ಮಾಡಿಸಿಕೊಂಡ ಆಪರೇಷನ್ನಿನ ಮಾಮೂಲಿ ಆರೈಕೆ ತನ್ನ ಹೊಣೆ ಎಂದು ಅದು ಹೇಳುವುದೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂರುವ ಆಸೆಯಿರುವ ನಮ್ಮವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಎಲ್ಲರಿಗೂ ಅದು ಮರಳಿ ಬರುವುದಿಲ್ಲ.

ಕೆಟ್ಟದಾದರೆ ಕೇಳುವುದು ಯಾರನ್ನು? ನಮ್ಮ ಸುಪ್ರೀಂ ಕೋರ್ಟು 1995ರಲ್ಲೇ ವೈದ್ಯಸೇವೆಯನ್ನು ಗ್ರಾಹಕ ಕಾನೂನಿನೊಳಗೆ ತಂದಿದೆ. ಹೊರದೇಶದಲ್ಲಿದ್ದು ದಾವೆ ನಡೆಸುವವರು ಎಷ್ಟು ಕಾಲ ಕಾಯಬೇಕೆಂಬುದಕ್ಕೆ, ಅಮೆರಿಕದಲ್ಲಿದ್ದ ಡಾ. ಕುನಾಲ್ ಸಾಹಾ ತಮ್ಮ ಪತ್ನಿಯ ಸಾವಿನ ಬಗ್ಗೆ ಹೂಡಿದ ಮೊಕದ್ದಮೆಯೇ ಸಾಕು: ಸಾವು 1998ರಲ್ಲಿ, ಸುಮಾರು ಆರು ಕೋಟಿ ರೂಪಾಯಿ ಪರಿಹಾರದ ತೀರ್ಪು 2013ರಲ್ಲಿ. ಅವರು ಸ್ವತಃ ವೈದ್ಯರು, ಹಟ ಬಿಡದವರು. ಪ್ರವಾಸ ವಿಮೆ ಯೋಜಿತ ಆಪರೇಷನ್ನಿನ ತೊಂದರೆಗಳನ್ನು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ.

ಇಷ್ಟೆಲ್ಲದರ ನಡುವೆ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆ ಒಂದಿದೆ: ಈ ಆಪರೇಷನ್ ಈಗಲೇ ಬೇಕೇ? ಡೆನ್ಮಾರ್ಕಿನಲ್ಲಿ ನೂರು ಜನ ಅರ್ಹ ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಬಂತು. ಎರಡೂ ಗುಂಪಿಗೆ 12 ವಾರ ವ್ಯಾಯಾಮ, ಪಥ್ಯ, ತಿಳಿವಳಿಕೆ; ಒಂದಕ್ಕೆ ಅದರ ಜೊತೆ ಆಪರೇಷನ್ನೂ ಇತ್ತು. ವರ್ಷದ ಕೊನೆಗೆ ಆಪರೇಷನ್ ಆದವರಲ್ಲಿ ನೂರಕ್ಕೆ 85 ಜನರ ನೋವು ಗಣನೀಯವಾಗಿ ತಗ್ಗಿತ್ತು, ಆಗದವರಲ್ಲಿ 68 ಜನರದ್ದು. ಆಪರೇಷನ್ನೇ ಮೇಲು, ಅನುಮಾನವಿಲ್ಲ. ಆದರೆ ಆಪರೇಷನ್ ಇಲ್ಲದ ಗುಂಪಿನ ನಾಲ್ವರಲ್ಲಿ ಮೂವರು ಆ ವರ್ಷ ಆಪರೇಷನ್ನಿನ ಗೊಡವೆಗೇ ಹೋಗಲಿಲ್ಲ. ಮಾಡಿಸಿಕೊಂಡವರಲ್ಲೂ ಐವರಲ್ಲಿ ಒಬ್ಬರು ತೃಪ್ತರಲ್ಲ ಎಂಬುದು ಹಲವು ದೇಶಗಳ ಅನುಭವ. ಇನ್ನೊಂದು ಬದಿಯಲ್ಲಿ, ಹಾಕಿಸಿಕೊಂಡ ಮಂಡಿಗಳಲ್ಲಿ ನೂರಕ್ಕೆ 82ರಷ್ಟು 25 ವರ್ಷ ಬಾಳುತ್ತವೆಂದು 2019ರ ದೊಡ್ಡ ಸಮೀಕ್ಷೆ ಹೇಳಿದೆ. ಅಷ್ಟು ಕಾಲ ಇರಬೇಕಾದ ವಸ್ತುವನ್ನು ಡಿಸೆಂಬರ್ ರಜೆಯ ಲೆಕ್ಕದಲ್ಲಿ ಕೊಳ್ಳುವುದು ಸರಿಯಲ್ಲ.

ಕರ್ನಾಟಕದೊಳಗಿನ ಮಂಡಿಗಳ ಮಾತೂ ಬರಲೇಬೇಕು. ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವ, ನಾಟಿ ಮಾಡುವ, ತಲೆಯ ಮೇಲೆ ಹೊರೆ ಹೊರುವ ಹೆಂಗಸರ ಮಂಡಿಗಳು ಅರವತ್ತಕ್ಕೆ ಮುಂಚೆಯೇ ಸವೆಯುತ್ತವೆ. ಅವರಿಗೆ ಬೆಂಗಳೂರು ಲಂಡನ್ನಿನಷ್ಟೇ ದೂರ. ಅವರು ಕಾಯುವುದು ಯಾವ ಪಟ್ಟಿಯಲ್ಲೂ ದಾಖಲಾಗಿಲ್ಲ, ಆದ್ದರಿಂದ ನಮ್ಮಲ್ಲಿ ಸರದಿಯೇ ಇಲ್ಲ ಎಂದು ಆಸ್ಪತ್ರೆಗಳು ಜಾಹೀರಾತು ಕೊಡಬಹುದು. ಬ್ರಿಟನ್ನಿನಲ್ಲಿ ಸರದಿಗೆ ಕಾಲವೇ ಬೆಲೆ, ನಮ್ಮಲ್ಲಿ ದುಡ್ಡು. ಊರಿನ ಡಾಕ್ಟರರ ಸೂಜಿ, ಅಂಗಡಿಯ ನೋವಿನ ಮಾತ್ರೆ, ವರ್ಷಗಟ್ಟಲೆ ನುಂಗಿ ಕೆಟ್ಟ ಮೂತ್ರಪಿಂಡ: ಇದು ನಮ್ಮ ಕಾಯುವ ಪಟ್ಟಿ. ಹೊರಗಿನವರು ಬಂದರೆ ಇವರ ಪಾಲಿನ ಹಾಸಿಗೆ ಹೋಗುತ್ತದೆ ಎಂಬ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಹಾಸಿಗೆ ಯಾವತ್ತೂ ಇವರದಾಗಿರಲಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಕಲಿತ ಕೈಗಳು ಖಾಸಗಿ ಆಸ್ಪತ್ರೆಗಳತ್ತ ಹೋಗುವುದು ಮಾತ್ರ ನಿಜ.

ಹೊರಡಲೇಬೇಕೆಂದು ನಿರ್ಧರಿಸಿದವರಿಗೆ ಕೊನೆಯದಾಗಿ ಒಂದು ಮಾತು. ಪ್ಯಾಕೇಜಿನ ದರ ಕೇಳುವ ಮೊದಲು ನಿಮ್ಮ ಊರಿನ ಮೂಳೆ ವೈದ್ಯರೊಬ್ಬರನ್ನು ಕಾಣಿ, ಹೀಗೆ ಹೊರಗೆ ಮಾಡಿಸಿಕೊಂಡು ಬರುತ್ತೇನೆ, ಆರನೇ ವಾರ ಮತ್ತು ಮೂರನೇ ತಿಂಗಳು ನನ್ನ ಮಂಡಿ ನೋಡುತ್ತೀರಾ, ಸೋಂಕಾದರೆ ಕೈಹಾಕುತ್ತೀರಾ ಎಂದು ಕೇಳಿ, ಒಪ್ಪಿದರೆ ಬರೆಸಿಕೊಳ್ಳಿ. ಅವರ ಆಸ್ಪತ್ರೆಯಲ್ಲಿ ಯಾವ ಕಂಪನಿಯ ಕೀಲು ಬಳಸುತ್ತಾರೆಂದು ತಿಳಿದು, ಸಾಧ್ಯವಾದರೆ ಅದನ್ನೇ ಹಾಕಿಸಿಕೊಳ್ಳಿ. ಒಬ್ಬರೂ ಒಪ್ಪದಿದ್ದರೆ ಟಿಕೆಟ್ಟು ಕೊಳ್ಳಬೇಡಿ.